ಹೇಳಿಕೆಯ ಕರಡು

ಸೋಮವಾರ ಒಂಬತ್ತಕ್ಕೇ ಕರೆಸಿದರು, ಟೈಪು ಮಾಡಲು.
ಲಿಂಗರಾಜಪುರದ ಮೇಲ್ಸೇತುವೆ ಇಳಿದು
ಪಂಕ್ಚರ್ ಅಂಗಡಿಯ ಪಕ್ಕದ ಸಂದಿ,
ತಗಡು ಸೂರಿನ ನಮ್ಮ ಗುಡಿ.
ಅಗುಳಿ ಕಿತ್ತ ಬಾಗಿಲು
ಮುಚ್ಚಲೂ ಆಗದೆ ತೆರೆಯಲೂ ಆಗದೆ ನಡುವೆಯೇ ನಿಂತಿತ್ತು.

ಒಳಗೆ ಐದು ಜನ, ಗಟ್ಟಿ ಉಳಿದ ಬೆಂಚು ಎರಡು.
ಮಂಡಿನೋವಿನ ಬಿಷಪ್ ಇನ್ನಾಸಪ್ಪನವರು,
ಬೀದರಿನ ಕಡೆಯ ರೆವರೆಂಡ್ ಶಾಂತವೀರ,
ಗಡ್ಡದ ಗೀವರ್ಗೀಸ್ ಅಚ್ಚನ್, ಮದರ್ ಸಿಪ್ರಿಯಾನಾ,
ಮತ್ತೆ ಹಿಂದಿನ ಬೀದಿಯ ಪಾಸ್ಟರ್ ಯೇಸುರತ್ನ:
ವಾರವೆಲ್ಲ ಆಟೋ ಓಡಿಸುತ್ತಾರೆ, ಖಾಕಿಯಲ್ಲೇ ಬಂದಿದ್ದರು.
ಒಬ್ಬರ ಪ್ರಾರ್ಥನೆ ಇನ್ನೊಬ್ಬರಿಗೆ ಉದ್ದ,
ಅವರದು ಮತ್ತೊಬ್ಬರಿಗೆ ಜೋರು.
ಹೀಗೆ ಒಟ್ಟಿಗೆ ನಾನು ಕಂಡಿರಲಿಲ್ಲ.

ಮೊದಲ ಸಾಲು: ‘ತೀವ್ರವಾಗಿ ಖಂಡಿಸುತ್ತೇವೆ.’
ಇಂಥದ್ದಕ್ಕೆ ಬೆರಳು ತಾನಾಗಿಯೇ ಓಡುತ್ತದೆ.
ಬಿಷಪ್ಪರು ಪರದೆಗೆ ಕನ್ನಡಕ ತಾಗಿಸಿ ಓದಿದರು.
‘ಖಂಡಿಸೋದು ಅಂದರೆ ಕಡಿಯೋದು ತಾನೇ ಮಗಳೆ?
ನಿನ್ನೆ ಕಡಿದದ್ದು ಸಾಕು. ಅಳಿಸು.’
ಶಾಂತವೀರರು ಎದ್ದೇ ನಿಂತರು.
‘ಖಂಡಿಸಲಾರ್ದ ಮತ್ತೇನ್ ಮಾಡೋದ್ರಿ?
ಉಪದೇಶಿ ಚೌರಪ್ಪನ ತಲಿಗಿ ಒಂಬತ್ತ ಹೊಲಿಗಿ ಬಿದ್ದಾವ.’
ಸಂತಾಪ, ಎಂದೆ. ಅದರೊಳಗೂ ತಾಪ ಇದೆ, ಎಂದರು ಮದರ್.
ವಿಷಾದ? ಸರ್ಕಾರಿ ಪದ.
ಆಘಾತ? ಪೇಪರಿನವರದು.
ಕೊನೆಗೆ ಮೂಲೆಯಿಂದ ಯೇಸುರತ್ನ:
‘ನಮಗೆ ನೋವಾಗಿದೆ ಅಂತ ಬರಿಯಮ್ಮ.
ಮಕ್ಕಳು ಹೇಳ್ತಾವಲ್ಲ, ಹಂಗೆ.’

ಬರೆದೆ.
ಕರ್ಸರು ಮಿಟುಕುತ್ತಾ ಮುಂದಿನದ್ದು ಕೇಳುತ್ತಿತ್ತು.
ಮುಂದಿನದ್ದು ಯಾರಿಗೂ ಗೊತ್ತಿರಲಿಲ್ಲ.

ಆಗ ಲೂರ್ದಮ್ಮ ಬಂದಳು, ಬಾಣಸವಾಡಿಯಿಂದ, ಬರಿಗಾಲಲ್ಲಿ.
‘ಸ್ವಾಮಿ, ನಿನ್ನೆ ಚಪ್ಪಲಿ ಇಲ್ಲೇ ಬಿಟ್ಟು ಓಡಿದ್ದೆ. ಸಿಗಬೌದಾ?’

ಚಪ್ಪಲಿ!
ಕಾಣಿಕೆ ಪೆಟ್ಟಿಗೆಯ ಲೆಕ್ಕ ಆಗಿತ್ತು, ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕ,
ಗಾಜಿನ ಚೂರಿಗೆ ಪೊಲೀಸರು ಫೋಟೊ ಹಿಡಿದಿದ್ದರು.
ಇದೊಂದು ಯಾರ ಪಟ್ಟಿಯಲ್ಲೂ ಇರಲಿಲ್ಲ.
ಪಂಕ್ಚರ್ ಅಂಗಡಿಯ ಸೈಫುಲ್ಲಾ ಗೋಣಿಚೀಲಕ್ಕೆ ತುಂಬಿ
ಟೈರುಗಳ ಹಿಂದೆ ಜೋಪಾನ ಇಟ್ಟಿದ್ದ.
ತಂದು ಸುರಿದ, ಮೆಟ್ಟಿಲ ಮೇಲೆ.

ಬಿಷಪ್ಪರು ಕೂತರು. ಆ ಮಂಡಿಯಲ್ಲಿ, ಕುಕ್ಕುರುಗಾಲಲ್ಲಿ,
ಒಂದನ್ನೆತ್ತಿ ಅದರ ಜೊತೆಯದನ್ನು ಹುಡುಕತೊಡಗಿದರು.
ಅಚ್ಚನ್ ಕೂತರು. ಮದರ್ ಕೂತರು.
ಶಾಂತವೀರರು ಉಂಗುಟ ಕಿತ್ತ ಹವಾಯಿಯೊಂದನ್ನು ತಿರುಗಿಸಿ ನೋಡುತ್ತಾ
ತಟ್ಟನೆ ಮುಖ ಮುಚ್ಚಿಕೊಂಡರು.
ಹಿಮ್ಮಡಿ ಸವೆದವು, ಪಿನ್ನು ಚುಚ್ಚಿದವು,
ಬೆಳಕು ಹತ್ತುವ ಪುಟಾಣಿ ಶೂ, ಮುಟ್ಟಿದರೆ ಇನ್ನೂ ಮಿನುಗುತ್ತಿತ್ತು.
ಜೊತೆ ಸೇರಿದಾಗೆಲ್ಲ ಯಾರೋ ಒಂದು ಹೆಸರು ಹೇಳುವರು:
ಇಗ್ನೇಷಿಯಮ್ಮ. ಭಾಗ್ಯಮೇರಿ. ಎಲೀಯನ ಕೂಸು.
ಹೆಸರಾದ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.
ನಾನು ಕಂಡ ಪ್ರಾರ್ಥನೆಗಳಲ್ಲಿ ಅದೊಂದಕ್ಕೇ ಆಮೆನ್ ಇರಲಿಲ್ಲ.

ಮೂವತ್ತೊಂದು ಜೊತೆ.
ಉಳಿದದ್ದು ಒಂದು, ಬಲಗಾಲಿನದು, ಹತ್ತನೇ ನಂಬರಿನ ಕಪ್ಪು ಸ್ಯಾಂಡಲ್.
ನಮ್ಮಲ್ಲಿ ಯಾರ ಕಾಲೂ ಅಷ್ಟು ದೊಡ್ಡದಲ್ಲ.
ಓಡುವಾಗ ಅವರಿಗೂ ಹೆದರಿಕೆ ಇತ್ತು ಅಂತಾಯಿತು.

ಮೋರಿಗೆ ಎಸೆಯಲು ಎತ್ತಿದೆ.
ಬಿಷಪ್ಪರು ಕೈ ಚಾಚಿದರು, ಮಾತಿಲ್ಲ.
ನಿಲುವಂಗಿಯ ತೋಳಿನಿಂದ ದೂಳು ಒರೆಸಿ
ಸಾಲಿನ ಕೊನೆಗೆ ಇಟ್ಟರು, ಮೂತಿ ಬಾಗಿಲ ಕಡೆಗೆ,
ಒಳಗೆ ಹೋದವನು ಬಿಟ್ಟ ಹಾಗೆ.

ಹೇಳಿಕೆ ಸಂಜೆ ಹೋಯಿತು. ಎರಡೇ ಪದ, ಕೆಳಗೆ ಐದು ಸಹಿ.
ಯಾವ ಪತ್ರಿಕೆಯೂ ಹಾಕಲಿಲ್ಲ. ಚಿಕ್ಕದಾಯಿತಂತೆ.

ಲೂರ್ದಮ್ಮ ತನ್ನದನ್ನು ಮೆಟ್ಟಿ ಹೋದಳು,
ಮಿಕ್ಕವೂ ಒಂದೊಂದೇ ಹೋದವು.
ಅದು ಮಾತ್ರ ಈಗಲೂ ಅಲ್ಲೇ, ಎರಡನೇ ಮೆಟ್ಟಿಲಲ್ಲಿ.
ಭಾನುವಾರ ನನ್ನವನ್ನು ಅದರಿಂದ ದೂರ ಬಿಡುತ್ತೇನೆ.
ಪೂಜೆಯಲ್ಲಿ, ಕ್ಷಮಿಸುವ ಆ ಸಾಲು ಬಂದಾಗ
ಎಲ್ಲರ ದನಿ ಮುಂದೆ ಹೋಗುತ್ತದೆ.
ನಾನು ಬರೀ ತುಟಿ ಆಡಿಸುತ್ತೇನೆ.